ಆ ಕಾಗದಕ್ಕೆ ಸಹಿ ಹಾಕುವ ಮುನ್ನ

ಕಳೆದ ವರ್ಷ ಒಂದು ಸಂಜೆ, ಅಸರ್ ನಮಾಝ್ ಮುಗಿಸಿ ಕುಳಿತಿದ್ದಾಗ ಪಕ್ಕದ ಬೀದಿಯ ತಾಯಿ, ಮಗಳು ಮನೆಗೆ ಬಂದರು. ಮಗಳಿಗೆ ಚೊಚ್ಚಲ ಬಸುರು. ಏಳು ತಿಂಗಳು ತುಂಬಿ ತವರಿಗೆ ಬಂದಿದ್ದಳು. ಆಸ್ಪತ್ರೆಗೆ ತಪಾಸಣೆಗೆ ಹೋದಾಗ ಅಲ್ಲಿನ ವೈದ್ಯೆಯೊಬ್ಬರು ಒಂದು ಸಂಶೋಧನೆಯ ವಿಷಯ ಹೇಳಿ, ನಾಲ್ಕು ಪುಟದ ಕಾಗದ ಕೊಟ್ಟು, "ಮನೆಯಲ್ಲಿ ಓದಿ ನೋಡಿ, ಒಪ್ಪಿಗೆಯಿದ್ದರೆ ಮುಂದಿನ ಸಲ ಬರುವಾಗ ತನ್ನಿ" ಎಂದಿದ್ದರಂತೆ. ಕಾಗದ ಮಗಳ ಕೈಯಲ್ಲಿತ್ತು. ಮಾತೆಲ್ಲ ತಾಯಿಯದು.

"ನೋಡಿ ಸಿಸ್ಟರ್, ನನ್ನ ಮಗಳ ಮೇಲೆ ಪ್ರಯೋಗ ಮಾಡುತ್ತಾರಂತೆ. ನಾನು ಐದು ಹೆತ್ತವಳು. ಒಬ್ಬರೂ ನನ್ನ ಹತ್ತಿರ ಸಹಿ ಕೇಳಿದ್ದಿಲ್ಲ. ಇದನ್ನು ಹರಿದು ಹಾಕಿಬಿಡಲಾ?"

"ಹರಿಯಬೇಡಿ, ಮೊದಲು ಕುಳಿತು ಓದೋಣ" ಎಂದೆ.

ನಾನು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ದಾದಿ. ಪ್ರಯೋಗ ಎಂಬ ಪದ ಕೇಳಿದೊಡನೆ ನಮ್ಮ ಮನೆಗಳಲ್ಲಿ ಹುಟ್ಟುವ ದಿಗಿಲು ನನಗೆ ಹೊಸದಲ್ಲ. ಆ ದಿಗಿಲು ಪೂರ್ತಿ ಸುಳ್ಳೂ ಅಲ್ಲ. ಆದರೆ ಇಂದು ಹೆರಿಗೆ ಕೋಣೆಯಲ್ಲಿ ತಾಯಿಯನ್ನೂ ಮಗುವನ್ನೂ ಉಳಿಸುತ್ತಿರುವ ಎಷ್ಟೋ ಚಿಕಿತ್ಸೆಗಳು ಎಲ್ಲೋ ಯಾರೋ ತಾಯಂದಿರು ಇಂಥದೇ ಕಾಗದ ಓದಿ ಹೆಬ್ಬೆಟ್ಟು ಒತ್ತಿದ್ದರಿಂದ ಬಂದವು. ಆ ತಾಯಂದಿರಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳವರೂ ಇದ್ದಾರೆ. ಅಂದು ಸಂಜೆ ಅವರಿಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ದಿನದ ಲೆಕ್ಕವಿದೆ, ರಕ್ತದ ಲೆಕ್ಕವಿಲ್ಲ

ಮಾತಿನ ನಡುವೆ ಆ ತಾಯಿ ತಮ್ಮ ಮೂರನೇ ಹೆರಿಗೆಯ ಕಥೆ ಹೇಳಿದರು. ಮನೆಯಲ್ಲೇ ಆದ ಹೆರಿಗೆ. ಮಗು ಬಂದ ಮೇಲೆ ರಕ್ತ ನಿಲ್ಲಲೇ ಇಲ್ಲ. ಅಜ್ಜಿಯೊಬ್ಬರು, "ಕೆಟ್ಟ ರಕ್ತ, ಹೋಗಲಿ ಬಿಡು" ಎಂದರಂತೆ. ಇವರಿಗೆ ಕಣ್ಣು ಕತ್ತಲಿಟ್ಟಿತು. ಆಮೇಲಿನದು ನೆನಪಿಲ್ಲ. "ಅಲ್ಲಾಹನ ದಯೆಯಿಂದ ಬದುಕಿದೆ" ಎಂದರು.

ಹೆರಿಗೆಯ ನಂತರದ ನಿಫಾಸ್ ದಿನಗಳನ್ನು ನಮ್ಮ ಮನೆಗಳಲ್ಲಿ ಎಚ್ಚರದಿಂದ ಎಣಿಸುತ್ತೇವೆ. ಎಷ್ಟು ದಿನ ರಕ್ತ ಹೋಯಿತು ಎಂಬುದು ಎಲ್ಲರಿಗೂ ಗೊತ್ತು. ಮೊದಲ ಎರಡು ಗಂಟೆಯಲ್ಲಿ ಎಷ್ಟು ಹೋಯಿತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಜೀವ ಹೋಗುವುದು ಆ ಎರಡನೆಯ ಲೆಕ್ಕದಲ್ಲಿ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ, ಮಾಸು ಕಳಚಿಕೊಂಡಾಗ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಳ್ಳುತ್ತವೆ. ಗರ್ಭಕೋಶದ ಸ್ನಾಯು ಕೂಡಲೇ ಬಿಗಿದು ಗಟ್ಟಿಯಾದರೆ ಆ ನಾಳಗಳು ಹಿಂಡಿದಂತಾಗಿ ಮುಚ್ಚಿಕೊಳ್ಳುತ್ತವೆ. ಸ್ನಾಯು ಸೋತು ಮೆತ್ತಗೇ ಉಳಿದರೆ ನಲ್ಲಿ ತೆರೆದಿಟ್ಟಂತೆ ರಕ್ತ ಸುರಿಯುತ್ತದೆ. ಸಾಮಾನ್ಯ ಹೆರಿಗೆಯಲ್ಲಿ 500 ಮಿಲಿಲೀಟರಿಗಿಂತ ಹೆಚ್ಚು ಹೋದರೆ ಅದನ್ನು ಹೆರಿಗೆ ನಂತರದ ಅತಿ ರಕ್ತಸ್ರಾವ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ತಾಯಂದಿರಿಗೆ ಹೀಗಾಗುತ್ತಿತ್ತು. ಅವರಲ್ಲಿ ಸುಮಾರು 70 ಸಾವಿರ ಮಂದಿ ಸಾಯುತ್ತಿದ್ದರು. ಅದರಲ್ಲಿ "ಕೆಟ್ಟ ರಕ್ತ" ಎಂಬುದು ಒಂದು ಹನಿಯೂ ಇಲ್ಲ. ಎಲ್ಲವೂ ಆ ತಾಯಿ ಬದುಕಲು ಬೇಕಾದ ರಕ್ತವೇ.

ಬೆಳಗಾವಿಯ ಹಳ್ಳಿಗಳಲ್ಲಿ ನಡೆದದ್ದು

ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಆಸ್ಪತ್ರೆಗಳಲ್ಲಿ ಬಹಳ ಹಿಂದಿನಿಂದ ಇದೆ. ಒಳ್ಳೆಯ ಔಷಧ. ಆದರೆ ಅದನ್ನು ಫ್ರಿಜ್ಜಿನಲ್ಲಿಡಬೇಕು, ಸೂಜಿ ಬೇಕು, ಚುಚ್ಚಲು ಬಲ್ಲವರು ಬೇಕು. ಇಪ್ಪತ್ತು ವರ್ಷದ ಹಿಂದೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆರಿಗೆ ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ ಆಗುತ್ತಿತ್ತು. ಅಲ್ಲಿ ಕರೆಂಟೇ ನಂಬುವಂತಿರಲಿಲ್ಲ.

ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಇತ್ತು. ಮೊದಲು ಹೊಟ್ಟೆಯ ಹುಣ್ಣಿಗೆಂದು ಬಂದದ್ದು. ಅದಕ್ಕೆ ಗರ್ಭಕೋಶವನ್ನು ಬಿಗಿಗೊಳಿಸುವ ಗುಣವೂ ಇದೆ. ಫ್ರಿಜ್ ಬೇಡ, ಸೂಜಿ ಬೇಡ. ಹಾಗಾದರೆ ಹಳ್ಳಿಯ ಎಎನ್‌ಎಂ ಸಿಸ್ಟರ್ ಇದನ್ನು ಕೊಟ್ಟರೆ ತಾಯಿ ಉಳಿಯುತ್ತಾಳೆಯೇ? ಹೌದೆಂದು ಊಹಿಸಬಹುದಿತ್ತು. ಆದರೆ ಊಹೆಯ ಮೇಲೆ ಲಕ್ಷಾಂತರ ತಾಯಂದಿರಿಗೆ ಔಷಧ ಕೊಡಲಾಗದು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಸುತ್ತಲಿನ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. 25 ಮಂದಿ ಎಎನ್‌ಎಂ ಸಿಸ್ಟರ್‌ಗಳು ತರಬೇತಿ ಪಡೆದರು. 1,620 ತಾಯಂದಿರು ಒಪ್ಪಿ ಸೇರಿದರು. ಮಗು ಹುಟ್ಟಿದ ಮೇಲೆ ಅವರಲ್ಲಿ 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗಿತ್ತು. ಸಿಸ್ಟರಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

ಇಲ್ಲಿ ನನ್ನೆದುರು ಕುಳಿತಿದ್ದ ತಾಯಿ ತಡೆದರು. "ಚೀಟಿ ಯಾಕೆ? ಇದು ಜೂಜಾ?"

ಒಳ್ಳೆಯ ಪ್ರಶ್ನೆ. ಆಯ್ಕೆಯನ್ನು ಸಿಸ್ಟರಿಗೆ ಬಿಟ್ಟರೆ ಏನಾಗುತ್ತದೆ? ಬಡಕಲಾಗಿ ಕಾಣುವ ತಾಯಿಗೆ ಕನಿಕರದಿಂದ ಔಷಧದ ಮಾತ್ರೆ ಕೊಟ್ಟಾಳು. ಗಟ್ಟಿಮುಟ್ಟಾದವಳಿಗೆ ಇನ್ನೊಂದು. ಕೊನೆಗೆ ಬಡಕಲು ತಾಯಂದಿರಿಗೆ ಹೆಚ್ಚು ತೊಂದರೆಯಾಗಿ, ಔಷಧವೇ ಕೆಟ್ಟದ್ದೆಂದು ಕಂಡೀತು. ಚೀಟಿ ಎತ್ತಿದರೆ ಎರಡೂ ಗುಂಪಿನಲ್ಲಿ ಎಲ್ಲ ಬಗೆಯವರೂ ಸಮನಾಗಿ ಬೀಳುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸ ಔಷಧದ್ದೇ ಎಂದು ಧೈರ್ಯವಾಗಿ ಹೇಳಬಹುದು.

"ಹಾಗಾದರೆ ಇನ್ನರ್ಧ ಮಂದಿಗೆ ಮೋಸವಾಗಲಿಲ್ಲವೇ?" ಮಗಳು ಕೇಳಿದಳು. ಈ ಪ್ರಶ್ನೆಯನ್ನು ಲೋಕದ ದೊಡ್ಡ ವೈದ್ಯರೂ ಕೇಳಿದ್ದಾರೆ. ಇದ್ದ ಚಿಕಿತ್ಸೆಯನ್ನು ಕಿತ್ತುಕೊಂಡು ಖಾಲಿ ಮಾತ್ರೆ ಕೊಟ್ಟರೆ ಅದು ಖಂಡಿತ ಅನ್ಯಾಯ. ಆ ಹಳ್ಳಿಗಳಲ್ಲಿ ಅಂದು ಎಎನ್‌ಎಂ ಮಾಡಿಸುವ ಹೆರಿಗೆಗೆ ಇಂಥ ಔಷಧ ಇರಲೇ ಇಲ್ಲ. ಇದ್ದದ್ದನ್ನು ಕಿತ್ತುಕೊಂಡಿರಲಿಲ್ಲ. ಜೊತೆಗೆ ಆ ಔಷಧ ಉಳಿಸುತ್ತದೋ ಇಲ್ಲವೋ ಎಂಬುದು ನಿಜವಾಗಿಯೂ ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಯಾರಿಗೂ ಖಾಲಿ ಮಾತ್ರೆ ಕೊಡುವಂತಿಲ್ಲ.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಖಾಲಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12 ತಾಯಂದಿರಿಗೆ ಅತಿ ರಕ್ತಸ್ರಾವವಾಗಿತ್ತು. ಔಷಧದ ಗುಂಪಿನಲ್ಲಿ ನೂರಕ್ಕೆ 6.4. ಒಂದು ಲೀಟರ್ ಮೀರಿದ ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ ಎಂದಾಯಿತು. ಮಾತ್ರೆಯಿಂದ ಸ್ವಲ್ಪ ಹೊತ್ತು ಚಳಿ, ಜ್ವರ ಬರುತ್ತದೆ ಎಂಬುದನ್ನೂ ಅವರು ಮುಚ್ಚಿಡದೆ ಬರೆದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಅಗತ್ಯ ಔಷಧಗಳ ಪಟ್ಟಿಗೆ ಈ ಮಾತ್ರೆಯನ್ನು ಸೇರಿಸಿತು. ಬೆಳಗಾವಿಯ ಹಳ್ಳಿಯ ಹೆಣ್ಣುಮಕ್ಕಳು ಒಪ್ಪಿ ಕೊಟ್ಟ ಉತ್ತರ ಅದರ ಹಿಂದಿತ್ತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ ಮಾತ್ರೆಯನ್ನು ಮೆಡಿಕಲ್‌ನಿಂದ ತಂದು ಯಾರೂ ತಾವಾಗಿ ನುಂಗಬಾರದು. ಮಗು ಹೊಟ್ಟೆಯಲ್ಲಿರುವಾಗ ತಪ್ಪು ಪ್ರಮಾಣದಲ್ಲಿ ಸೇವಿಸಿದರೆ ಗರ್ಭಕೋಶವೇ ಹರಿಯುವ ಅಪಾಯವಿದೆ. ಕೊಡುವುದು ವೈದ್ಯರ, ದಾದಿಯರ ಕೆಲಸ.

ಒಂದು ಪ್ಲಾಸ್ಟಿಕ್ ಹಾಳೆಯ ಪಯಣ

ಬೆಳಗಾವಿಯ ಆ ಕೆಲಸದಲ್ಲಿ ಮಾತ್ರೆಯಷ್ಟೇ ಮುಖ್ಯವಾದ ಇನ್ನೊಂದು ವಸ್ತುವಿತ್ತು. ರಕ್ತ ಎಷ್ಟು ಹೋಯಿತೆಂದು ತಿಳಿಯದೆ ಔಷಧ ಕೆಲಸ ಮಾಡಿತೆಂದು ಹೇಳುವುದು ಹೇಗೆ? ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಹಾಳೆ ಸಿದ್ಧಪಡಿಸಿದರು. ತಾಯಿಯ ಸೊಂಟದ ಕೆಳಗೆ ಹಾಸಿದರೆ ರಕ್ತ ಅದರ ತುದಿಯ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳಿವೆ. ಹಾಲಿನ ಲೋಟ ನೋಡಿದಂತೆ ನೋಡಿದರೆ ಸಾಕು.

ಇದನ್ನು ಓದಿದಾಗ ನನಗೆ ನನ್ನ ಮೇಲೆಯೇ ಸಂಕಟವಾಯಿತು. ನಾವು ವರ್ಷಗಟ್ಟಲೆ ಬಟ್ಟೆ ನೋಡಿ, ಹತ್ತಿ ನೋಡಿ, ನೆಲ ನೋಡಿ "ಇನ್ನೂರೈವತ್ತು" ಎಂದು ಪುಸ್ತಕದಲ್ಲಿ ಬರೆದವರು. ಹೆಚ್ಚುಕಡಿಮೆ ಎಲ್ಲರಿಗೂ ಅದೇ ಇನ್ನೂರೈವತ್ತು. ಬೆಳಗಾವಿಯವರು ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂತು. ಅಂದರೆ ನಾವು "ನಾನೂರು, ಪರವಾಗಿಲ್ಲ" ಎಂದು ಸಮಾಧಾನಪಟ್ಟಾಗ ನಿಜವಾಗಿ ಆರುನೂರು ಹೋಗಿರಬಹುದು. ರಕ್ತವನ್ನು ನೋಡಿಯೂ ನೋಡದಂತಿದ್ದೆವು.

ಅಳತೆಯ ಹಾಳೆ ಮುಂದೆ ದೂರ ಹೋಯಿತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಎಂಬ ಅಧ್ಯಯನ ನಡೆಸಿದರು. ಇಲ್ಲಿ ಚೀಟಿ ಎತ್ತಿದ್ದು ತಾಯಂದಿರ ಹೆಸರಲ್ಲಿ ಅಲ್ಲ, ಆಸ್ಪತ್ರೆಗಳ ಹೆಸರಲ್ಲಿ. ಒಂದು ಗುಂಪಿನ ಆಸ್ಪತ್ರೆಗಳು ತಮ್ಮ ಎಂದಿನ ರೀತಿಯಲ್ಲಿ ನಡೆದವು. ಇನ್ನೊಂದು ಗುಂಪಿನಲ್ಲಿ ಎಲ್ಲ ಸಾಮಾನ್ಯ ಹೆರಿಗೆಗೂ ಅಳತೆಯ ಹಾಳೆ ಹಾಸಿದರು. ರಕ್ತ ಹೆಚ್ಚಿತೆಂದು ಕಂಡೊಡನೆ ಒಂದಾದ ಮೇಲೊಂದು ಮದ್ದು ಕೊಟ್ಟು ಕಾಯದೆ, ಎಲ್ಲವನ್ನೂ ಒಟ್ಟಿಗೆ ಮಾಡಿದರು: ಗರ್ಭಕೋಶವನ್ನು ಉಜ್ಜುವುದು, ಅದನ್ನು ಬಿಗಿಗೊಳಿಸುವ ಔಷಧ, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಕಾರಣ ಹುಡುಕುವ ತಪಾಸಣೆ.

2 ಲಕ್ಷ 10 ಸಾವಿರ ತಾಯಂದಿರ ಈ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಎಂದಿನ ರೀತಿಯ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದ ಪ್ರಕರಣಗಳಲ್ಲಿ ಅರ್ಧದಷ್ಟು ಮಾತ್ರ ಗಮನಕ್ಕೆ ಬಂದಿದ್ದವು. ಹಾಳೆ ಇದ್ದಲ್ಲಿ ನೂರಕ್ಕೆ 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬರುವುದು, ಅದರಿಂದ ಸಾವು, ಈ ಮೂರನ್ನೂ ಸೇರಿಸಿ ನೋಡಿದರೆ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು. ಹೊಸ ಔಷಧವೇನೂ ಇರಲಿಲ್ಲ. ನೋಡುವುದನ್ನು ಕಲಿತರು, ತಡಮಾಡದಿರುವುದನ್ನು ಕಲಿತರು.

"ಬೇಡ" ಎಂದ ಸಂಶೋಧನೆಗಳೂ ಇವೆ

ಸಂಶೋಧನೆ ಎಂದರೆ ಕಂಪೆನಿಯ ಮಾತ್ರೆಗೆ ಮುದ್ರೆ ಒತ್ತುವ ಕೆಲಸ ಎಂದು ಕೆಲವರು ತಿಳಿಯುತ್ತಾರೆ. ಮಕ್ಕಳ ವಿಷಯದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ.

ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆಯಿದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. "ಮಗುವಿನ ಶ್ವಾಸಕೋಶ ಬೆಳೆಯಲಿ ಎಂದು ಇಂಜೆಕ್ಷನ್ ಕೊಟ್ಟರು" ಎಂದು ನೀವೂ ಕೇಳಿರಬಹುದು. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಎಂಬ ವೈದ್ಯರು ಇದರ ಪ್ರಯೋಜನವನ್ನು 1972ರಲ್ಲಿ ತೋರಿಸಿಕೊಟ್ಟರು. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಅದು ಸಾವಿರಾರು ಎಳೆಯ ಜೀವಗಳನ್ನು ಉಳಿಸಿತು. ಹಾಗಾದರೆ ಬಡ ದೇಶಗಳ ಹಳ್ಳಿಹಳ್ಳಿಯಲ್ಲೂ ಆರೋಗ್ಯ ಕಾರ್ಯಕರ್ತೆಯರೇ ಇದನ್ನು ಕೊಡಬಾರದೇಕೆ?

ಆರು ದೇಶಗಳಲ್ಲಿ, ನಮ್ಮ ಬೆಳಗಾವಿ ಮತ್ತು ನಾಗಪುರ ಸೇರಿದಂತೆ, ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರಾ ಕಡಿಮೆ ತೂಕದ ಮಕ್ಕಳಿಗೆ ಲಾಭ ಕಾಣಲಿಲ್ಲ. ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮೊದಲ 28 ದಿನಗಳ ಸಾವು ಸಾವಿರಕ್ಕೆ 23.9ರ ಬದಲು 27.4 ಆಗಿತ್ತು. ತಾಯಂದಿರಲ್ಲಿ ಸೋಂಕಿನ ಲಕ್ಷಣವೂ ಹೆಚ್ಚಿತ್ತು. ಹಳ್ಳಿಯಲ್ಲಿ ಬಸುರಿನ ವಾರಗಳ ಲೆಕ್ಕ ಖಚಿತವಿರಲಿಲ್ಲ. ಇಂಜೆಕ್ಷನ್ ಪಡೆದ ಬಹುಪಾಲು ತಾಯಂದಿರಿಗೆ ತೀರಾ ಸಣ್ಣ ಮಗು ಹುಟ್ಟಲೂ ಇಲ್ಲ.

ಅಲ್ಲಿಗೆ ಕೈಬಿಡಲಿಲ್ಲ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಮತ್ತೆ ಪರೀಕ್ಷಿಸಿದರು. ಈ ಸಲ ಸ್ಕ್ಯಾನಿಂಗ್‌ನಿಂದ ವಾರಗಳನ್ನು ಲೆಕ್ಕ ಹಾಕಿದರು. ಸಣ್ಣ ಮಗುವನ್ನು ನೋಡಿಕೊಳ್ಳುವ ಸೌಕರ್ಯ ಇದ್ದ ಆಸ್ಪತ್ರೆಗಳನ್ನೇ ಆರಿಸಿದರು. 2,852 ತಾಯಂದಿರ ಈ ಅಧ್ಯಯನದಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಲಾಭ ಸ್ಪಷ್ಟವಾದೊಡನೆ ಅಧ್ಯಯನವನ್ನು ನಿಗದಿಗಿಂತ ಮೊದಲೇ ನಿಲ್ಲಿಸಿದರು. ಫಲಿತಾಂಶ 2020ರಲ್ಲಿ ಬಂತು.

ಒಂದೇ ಇಂಜೆಕ್ಷನ್. ಸರಿಯಾದ ಜಾಗದಲ್ಲಿ, ಸರಿಯಾದ ತಾಯಿಗೆ ಕೊಟ್ಟರೆ ಉಳಿಸುತ್ತದೆ. ಲೆಕ್ಕ ತಪ್ಪಿದ ಕಡೆ ಹಾನಿ ಮಾಡಬಹುದು. ಊಹೆಯನ್ನೇ ನಂಬಿ ಹಳ್ಳಿಹಳ್ಳಿಗೆ ಹಂಚಿದ್ದರೆ ಎಷ್ಟು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದೆವೋ. ಬಸುರಿಯರ ಮೇಲೆ ಸರಿಯಾಗಿ ಪರೀಕ್ಷಿಸದೆ ಔಷಧ ಕೊಟ್ಟರೆ ಏನಾಗುತ್ತದೆಂದು ಲೋಕ ಒಮ್ಮೆ ಕಂಡಿದೆ. 1950ರ ದಶಕದ ಕೊನೆಯಲ್ಲಿ ಬೆಳಗಿನ ವಾಕರಿಕೆಗೂ ಕೊಡುತ್ತಿದ್ದ ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದರು.

ಹೆದರಿಕೆಗೂ ಕಾರಣವಿದೆ

ಇಷ್ಟು ಹೇಳಿದ ಮೇಲೆ ಎಲ್ಲ ಸಂಶೋಧನೆಯೂ ಸದಾ ನೆಟ್ಟಗೆ ನಡೆದಿದೆ ಎಂದರೆ ಸುಳ್ಳಾಗುತ್ತದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಒಂದು ಅಧ್ಯಯನ ಯೋಜನೆಯಡಿ ಹಾಕಿದರು. ಖಮ್ಮಂನಲ್ಲಿ ಅನೇಕರು ಹಾಸ್ಟೆಲಿನಲ್ಲಿದ್ದ ಬಡ ಬುಡಕಟ್ಟು ಮಕ್ಕಳು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ತಂದೆತಾಯಿಯಲ್ಲ, ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಆ ಅವಧಿಯಲ್ಲಿ ಆದ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಹಾಗಾಗಿ ಲಸಿಕೆಗೆ ಹೆದರಬೇಕಿಲ್ಲ. ತಪ್ಪಾದದ್ದು ಕೇಳದೆ ಮಾಡಿದ್ದರಲ್ಲಿ. ಲಸಿಕೆ ಒಳ್ಳೆಯದೇ ಇರಬಹುದು, ಆದರೂ ಮಗುವಿನ ತಂದೆತಾಯಿಯನ್ನು ಕೇಳಲೇಬೇಕು.

ನಂತರ ನಿಯಮಗಳು ಬಿಗಿಯಾದವು. ಇಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಯಲ್ಲಿವೆ. ಔಷಧ ಪ್ರಯೋಗ ಆರಂಭಿಸುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ, ಅವರಲ್ಲಿ ಒಬ್ಬ ಜನಸಾಮಾನ್ಯ, ಒಬ್ಬ ಕಾನೂನು ಬಲ್ಲವರು, ಕನಿಷ್ಠ ಒಬ್ಬ ಮಹಿಳೆ ಇರಬೇಕು. ಪ್ರಯೋಗವನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಮೊದಲೇ ನೋಂದಾಯಿಸಬೇಕು. 2009ರಿಂದ ಇದು ಕಡ್ಡಾಯ. ಆ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು.

ಕಾಗದದಲ್ಲಿ ಏನಿರಬೇಕು, ಏನು ಕೇಳಬೇಕು?

ಆ ಸಂಜೆ ನಾಲ್ಕೂ ಪುಟ ಓದಿ ನಾವು ಮೂವರೂ ಕೂಡಿ ಬರೆದುಕೊಂಡ ಪ್ರಶ್ನೆಗಳಿವು. ಇವನ್ನು ಕತ್ತರಿಸಿ ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ.

1. ಈ ಅಧ್ಯಯನದಿಂದ ಏನು ತಿಳಿಯಲು ಹೊರಟಿದ್ದೀರಿ? ನಮಗೆ ಅರ್ಥವಾಗುವ ಮಾತಿನಲ್ಲಿ ಹೇಳಿ.

2. ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು? ಸೇರಿದರೆ ಅದರಲ್ಲಿ ಏನಾದರೂ ತಪ್ಪಿಹೋಗುತ್ತದೆಯೇ?

3. ನನಗೂ ಹೊಟ್ಟೆಯಲ್ಲಿರುವ ಮಗುವಿಗೂ ಆಗಬಹುದಾದ ತೊಂದರೆಗಳು ಯಾವುವು?

4. ಯಾರಿಗೆ ಯಾವ ಚಿಕಿತ್ಸೆ ಎಂದು ಹೇಗೆ ನಿರ್ಧರಿಸುತ್ತೀರಿ? ಖಾಲಿ ಮಾತ್ರೆ ಇದೆಯೇ?

5. ಎಷ್ಟು ಸಲ ಬರಬೇಕು, ಎಷ್ಟು ಸಲ ರಕ್ತ ತೆಗೆಯುತ್ತೀರಿ, ಖರ್ಚು ಯಾರದು?

6. ತೊಂದರೆಯಾದರೆ ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವವರು ಯಾರು?

7. ನೈತಿಕ ಸಮಿತಿಯ ಫೋನ್ ನಂಬರ್ ಮತ್ತು ಸಿಟಿಆರ್‌ಐ ನೋಂದಣಿ ಸಂಖ್ಯೆ ಎಲ್ಲಿದೆ?

8. ನಡುವೆ ಬೇಡವೆನಿಸಿದರೆ ಬಿಡಬಹುದೇ? ಬಿಟ್ಟರೆ ನನ್ನ ಹೆರಿಗೆಗೆ ಇಲ್ಲಿ ತೊಂದರೆಯಾಗುತ್ತದೆಯೇ?

ಕೊನೆಯ ಪ್ರಶ್ನೆಗೆ ಉತ್ತರ ಒಂದೇ: ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಅದರಿಂದ ಎಂದಿನ ಚಿಕಿತ್ಸೆಗೆ ಧಕ್ಕೆಯಾಗಬಾರದು. ಬೇರೆ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದಿದ್ದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು. ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಹೆರಿಗೆ ನೋವಿನ ನಡುವೆ ಅವಸರದಲ್ಲಿ "ಇಲ್ಲೊಂದು ಸಹಿ" ಎಂದರೆ ಅದು ಚಿಕಿತ್ಸೆಯ ಒಪ್ಪಿಗೆಯೋ ಸಂಶೋಧನೆಯ ಒಪ್ಪಿಗೆಯೋ ಎಂದು ಜೊತೆಗಿರುವವರು ಕೇಳಬೇಕು. ಎರಡೂ ಬೇರೆ ಬೇರೆ.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ಗಂಡ, ಅತ್ತೆ, ಉಮ್ಮ ಎಲ್ಲರೂ ಕುಳಿತು ಮಾತನಾಡುವುದು ಒಳ್ಳೆಯದೇ. ಆದರೆ ದೇಹ ಅವಳದು. ಅವಳ ಪರವಾಗಿ ಗಂಡ ಸಹಿ ಹಾಕಿದರೆ ಅದು ಅವಳ ಒಪ್ಪಿಗೆಯಾಗುವುದಿಲ್ಲ. ಅವಳು ಬೇಡವೆಂದರೆ ಮನೆಯವರೆಲ್ಲ ಹೂಂ ಎಂದರೂ ಅಲ್ಲಿಗೆ ಮುಗಿಯಿತು.

ಈ ಸಂಶೋಧನೆಗಳು ನಮಗೆ ಕಲಿಸಿದ್ದು

ಯಾವ ಅಧ್ಯಯನಕ್ಕೂ ಸೇರದವರೂ ಅವುಗಳ ಫಲವನ್ನು ಪಡೆಯಬಹುದು. ಅದಕ್ಕೆ ಮನೆಯವರು ಇಷ್ಟು ತಿಳಿದಿರಲಿ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಮಗು ಹುಟ್ಟಿದೊಡನೆ ಗರ್ಭಕೋಶ ಬಿಗಿಯಾಗುವ ಔಷಧ ಕೊಟ್ಟರೇ ಎಂದು ಜೊತೆಗಿರುವವರು ಕೇಳಲಿ. ರಕ್ತವನ್ನು ಅಳೆಯುತ್ತೀರಾ ಎಂದೂ ಕೇಳಲಿ. ಕೇಳುವುದರಲ್ಲಿ ಅವಮಾನವಿಲ್ಲ. ಸಿಟ್ಟಾದ ದಾದಿಯೂ ಮರುಕ್ಷಣ ನೋಡಿಯೇ ನೋಡುತ್ತಾಳೆ. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲ 24 ಗಂಟೆ ಬಾಣಂತಿಯನ್ನು ಒಂಟಿಯಾಗಿ ಬಿಡಬೇಡಿ. ಮನೆಗೆ ಬಂದ ಮೇಲೂ, ನಿಫಾಸ್ ದಿನಗಳ ನಡುವೆಯೂ ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ತಲೆ ತಿರುಗಿದರೆ, ಎದೆ ಹೊಡೆದುಕೊಂಡರೆ, ಮೈ ತಣ್ಣಗಾಗಿ ಬೆವರಿದರೆ ಅದು ನಿಫಾಸ್ ಎಂದು ಸುಮ್ಮನಿರಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲ ರಕ್ತಸ್ರಾವ ಶುರುವಾದ ಮೂರು ಗಂಟೆಯೊಳಗೆ ಕೊಟ್ಟರೆ ಸಾವನ್ನು ತಗ್ಗಿಸುತ್ತದೆ ಎಂದು 21 ದೇಶಗಳ 20 ಸಾವಿರ ತಾಯಂದಿರ ಅಧ್ಯಯನ 2017ರಲ್ಲಿ ತೋರಿಸಿತು. ಅಜ್ಜಿಯ ಅಪ್ಪಣೆಗೆ, ಗಂಡನ ಫೋನಿಗೆ ಕಾಯುತ್ತ ಆ ಮೂರು ಗಂಟೆ ಕಳೆಯಬಾರದು.

ಹಾಗಾದರೆ ರಕ್ತಹೀನತೆ ಇರುವವರಿಗೆಲ್ಲ ಆ ಔಷಧವನ್ನು ಮೊದಲೇ ಕೊಟ್ಟುಬಿಟ್ಟರೆ? ಅದನ್ನೂ ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾಗಳ 15 ಸಾವಿರ ತಾಯಂದಿರಲ್ಲಿ ಪರೀಕ್ಷಿಸಿದರು. ರಕ್ತಸ್ರಾವ ಕಡಿಮೆಯಾಗಲಿಲ್ಲ. ರಕ್ತ ಕಡಿಮೆಯಿದ್ದಷ್ಟೂ ಅಪಾಯ ಹೆಚ್ಚು ಎಂಬುದು ಮಾತ್ರ ಸ್ಪಷ್ಟವಾಯಿತು. ಆದ್ದರಿಂದ ಬಸುರಿನಲ್ಲೇ ರಕ್ತಹೀನತೆಯನ್ನು ಸರಿಪಡಿಸಿಕೊಳ್ಳಬೇಕು. ನಮ್ಮ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಕಪಾಟಿನಲ್ಲಿ ಉಳಿಯದಿರಲಿ. ವಾಕರಿಕೆಯೆಂದು ಬಿಟ್ಟಿದ್ದರೆ ವೈದ್ಯರಿಗೆ ಹೇಳಿ, ಬೇರೆ ದಾರಿಗಳಿವೆ.

ಕರ್ನಾಟಕದಲ್ಲಿ 2004–06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರು, ಹೀಗೆ ಇದಕ್ಕೆ ಹಲವು ಕಾರಣ. ಆದರೆ ಆಸ್ಪತ್ರೆ ತಲುಪಿದ ತಾಯಿಗೆ ಅಲ್ಲಿ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದು ಸಂಶೋಧನೆ. ಇನ್ನೂ ಸಾಯುತ್ತಿರುವ ತಾಯಂದಿರಲ್ಲಿ ಒಬ್ಬಳು ನಮ್ಮ ಮನೆಯವಳಾಗಬಾರದು.

ಆ ಹುಡುಗಿ ಮುಂದಿನ ತಪಾಸಣೆಗೆ ಪ್ರಶ್ನೆಗಳ ಚೀಟಿ ಹಿಡಿದುಕೊಂಡೇ ಹೋದಳು. ವೈದ್ಯೆ ಒಂದೊಂದಕ್ಕೂ ಉತ್ತರಿಸಿದರಂತೆ. ತಾಯಿಯೂ ಒಂದು ಪ್ರಶ್ನೆ ಕೇಳಿದರಂತೆ: "ನಡುವೆ ಬಿಟ್ಟರೆ ನೀವು ಮುಖ ತಿರುಗಿಸುವುದಿಲ್ಲವಲ್ಲ?" ಇಲ್ಲವೆಂದರು. ಮಗಳು ಇನ್ನೂ ಎರಡು ದಿನ ಯೋಚಿಸಿ, ಗಂಡನ ಜೊತೆ ಮಾತನಾಡಿ, ತಾನೇ ಸಹಿ ಹಾಕಿದಳು.

ಹೆರಿಗೆಯಾದ ಮರುದಿನ ತಾಯಿಯ ಫೋನ್ ಬಂತು. ಹೆಣ್ಣುಮಗು, ಮೂರು ಕಿಲೋ, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಸಿಸ್ಟರ್, ಕೆಳಗೆ ಹಾಳೆ ಹಾಸಿ ಅಳೆದರು. ಮುನ್ನೂರು ಅಂತೆ. ನನ್ನ ಮೂರನೇ ಹೆರಿಗೆಯಲ್ಲಿ ಎಷ್ಟು ಹೋಗಿತ್ತೋ. ಆಗ ಯಾರು ಅಳೆದಿದ್ದರು?"